ಕಲಾಶಾಲೆಯ ಬಾಗಿಲು ಯಾರಿಗೆ ತೆರೆಯಬೇಕು?





ಬೀದರ್ ನಗರದಲ್ಲಿ ಕಲೆ ಮತ್ತು ಕರಕುಶಲ ತರಬೇತಿಗಾಗಿ ಒಂದು ಶಾಲೆಯನ್ನು ಕಟ್ಟುವುದಾದರೆ ಅದು ಹೇಗಿರಬೇಕು ಎಂಬುದು ಇಂದು ನಮ್ಮ ಮುಂದಿರುವ ಪ್ರಶ್ನೆ. ಶಾಲೆಯೆಂದೊಡನೆ ನಮ್ಮಲ್ಲಿ ಮೊದಲು ಏಳುವುದು ನಿವೇಶನ, ಚಂದಾ ಮತ್ತು ಶಂಕುಸ್ಥಾಪನೆಯ ಅತಿಥಿಗಳ ಮಾತು. ಅದರೊಳಗೆ ಕಾಲಿಡಬೇಕಾದವರು ಯಾರು, ಅವರು ಒಳಬರಲು ಅಂಜುವುದೇಕೆ ಎಂಬುದು ಕಟ್ಟಡ ಮುಗಿದ ಮೇಲೆ ನೆನಪಾಗುತ್ತದೆ. ಇಂದು ಆ ಕ್ರಮವನ್ನು ಬದಲಿಸಿ ಆಲೋಚಿಸೋಣ.

ಮಾದರಿಗಾಗಿ ದೂರ ಹುಡುಕಬೇಕಿಲ್ಲ. ಬಹಮನಿ ಸಾಮ್ರಾಜ್ಯದ ಪ್ರಧಾನಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸ ಇದೇ ಊರಿನಲ್ಲಿದೆ. ಇರಾನಿನ ಗೀಲಾನ್ ಪ್ರಾಂತದಿಂದ ಬಂದ ಆ ವಿದ್ವಾಂಸರು ಮಸೀದಿ, ಗ್ರಂಥಾಲಯ, ಬೋಧನೆಯ ಸಭಾಂಗಣ, ಗುರುಗಳ ನಿವಾಸ, ವಿದ್ಯಾರ್ಥಿಗಳ ಕೊಠಡಿ ಎಲ್ಲವನ್ನೂ ಒಂದೇ ಅಂಗಳದ ಸುತ್ತ ಮೂರು ಅಂತಸ್ತುಗಳಲ್ಲಿ ಜೋಡಿಸಿದರು. 1696ರ ಸ್ಫೋಟದಲ್ಲಿ ಕಟ್ಟಡದ ಒಂದು ಭಾಗ ಕುಸಿಯಿತು. ಆದರೂ ಬೀದಿಗೆ ಮುಖ ಮಾಡಿದ ಗೋಡೆಯ ಮೇಲೆ ಬಣ್ಣದ ಟೈಲುಗಳೂ ಲಿಪಿಕಲೆಯೂ ಅಲ್ಲಲ್ಲಿ ಉಳಿದಿವೆ. ಇಲ್ಲಿ ನಮಗೆ ಎರಡು ಪಾಠಗಳಿವೆ. ನಡುವಿನ ಅಂಗಳವು ಪ್ರತಿ ಕೋಣೆಗೂ ಗಾಳಿ ಬೆಳಕನ್ನು ಹಂಚುತ್ತದೆ. ಅತ್ಯಂತ ಚೆಲುವಾದ ಗೋಡೆಯನ್ನು ಒಳಗಿನವರಿಗಾಗಿ ಬಚ್ಚಿಡದೆ ದಾರಿಹೋಕನಿಗೂ ಕಾಣುವಂತೆ ಇರಿಸಲಾಗಿದೆ.

ಈಗ ನಮ್ಮ ಗಲ್ಲಿಗಳ ಕಸುಬನ್ನು ನೋಡೋಣ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಅರದಿಂದ ಉಜ್ಜಿ, ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಅದರ ಮೇಲೆ ಬರಿಗೈಯಿಂದ ಬಳ್ಳಿ, ಹೂವು, ಜ್ಯಾಮಿತೀಯ ವಿನ್ಯಾಸ ಬರೆದು, ಉಳಿಯಿಂದ ಕೊರೆದು, ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಬಿಸಿ ಮಾಡಿದ ಪಾತ್ರೆಗೆ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ. ಇದುವೇ ಬಿದ್ರಿ. 2006ರಲ್ಲಿ ಇದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. 2023ರಲ್ಲಿ ಈ ಊರಿನ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಿತು. ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಉಳಿ ಹಿಡಿದ ಅನೇಕ ತಂದೆಯರು ತಮ್ಮ ಮಗ ಈ ಕಸುಬಿಗೆ ಬರುವುದು ಬೇಡವೆನ್ನುತ್ತಾರೆ. ಬೆಳ್ಳಿಯ ಬೆಲೆ ಏರುತ್ತದೆ, ಕೂಲಿ ಏರುವುದಿಲ್ಲ. ಸಾಲದೆಂಬಂತೆ, ಮಗಳಿಗೆ ವರ ನೋಡುವಾಗ ಕುಶಲಕರ್ಮಿಗಿಂತ ಗಲ್ಫಿನ ಚಾಲಕನಿಗೆ ಹೆಚ್ಚು ಬೆಲೆ ಕೊಡುವವರು ನಾವೇ. ಪ್ರವಾದಿ ದಾವೂದರು(ಅ) ತಮ್ಮ ಕೈಯ ದುಡಿಮೆಯಿಂದಲೇ ಉಣ್ಣುತ್ತಿದ್ದರೆಂಬ ಹದೀಸನ್ನು ಪ್ರವಚನಗಳಲ್ಲಿ ಕೇಳಿ ತಲೆದೂಗುವ ಸಮುದಾಯಕ್ಕೆ ಇದು ಶೋಭೆಯಲ್ಲ.

2006ರ ಸಾಚಾರ್ ವರದಿಯನ್ನು ನಾವು ಭಾಷಣಗಳಲ್ಲಿ ಬಹಳ ಬಳಸಿದ್ದೇವೆ. ಆರರಿಂದ ಹದಿನಾಲ್ಕು ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಯನ್ನೇ ಕಂಡಿಲ್ಲ ಅಥವಾ ನಡುವೆ ಬಿಟ್ಟಿದ್ದಾರೆ ಎಂದು ಅದು ಹೇಳಿತು. ಐಟಿಐಗಳ ಪ್ರವೇಶಕ್ಕೆ ಬೇಕಾದ ವಿದ್ಯಾರ್ಹತೆಯನ್ನು ಎಂಟನೆಯ ತರಗತಿಗೆ ಇಳಿಸಬೇಕು, ಮದ್ರಸದಲ್ಲಿ ಕಲಿತವರಿಗೂ ಕೌಶಲ ದೊರೆಯಬೇಕು ಎಂದೂ ಅದು ಸಲಹೆ ಮಾಡಿತ್ತು. ಈ ಎರಡನೆಯ ಮಾತನ್ನು ನಾವು ಅಷ್ಟಾಗಿ ಉಲ್ಲೇಖಿಸಲಿಲ್ಲ. ಸರಕಾರ ಮಾಡಲಿ ಎಂದು ಕೇಳುವುದು ನಮ್ಮ ಹಕ್ಕು. ಆದರೆ ನಾವೇ ಕಟ್ಟುವ ಶಾಲೆಯ ಬಾಗಿಲಲ್ಲಿ ಹತ್ತನೆಯ ತರಗತಿಯ ಅಂಕಪಟ್ಟಿ ಕೇಳಿದರೆ ಆ ಹಕ್ಕಿಗೆ ಅರ್ಥವೇನು?

ಇಂಥ ಶಾಲೆಯನ್ನು ಹಳೆಯ ನಗರದ ನಡುವೆ ಕಟ್ಟಿದ ಉದಾಹರಣೆಯೊಂದು ಕಾಬೂಲಿನಲ್ಲಿದೆ. 2006ರಲ್ಲಿ ಆರಂಭವಾದ ಟರ್ಕಾಯ್ಸ್ ಮೌಂಟನ್ ಎಂಬ ಸಂಸ್ಥೆ ಮುರಾದ್ ಖಾನಿ ಎಂಬ ಪಾಳುಬಿದ್ದ ಬಡಾವಣೆಯನ್ನು ಆರಿಸಿಕೊಂಡಿತು. ಅಲ್ಲಿ ಮೊದಲು ನಡೆದ ಕೆಲಸಗಳಲ್ಲಿ ಒಂದು, ಬೀದಿಗಳಲ್ಲಿ ವರ್ಷಗಳಿಂದ ಗುಡ್ಡೆಯಾಗಿದ್ದ ಕಸವನ್ನು ತೆಗೆಯುವುದು. ಆ ಬಡಾವಣೆಯ ಜನರಿಗೇ ಕೆಲಸ ಕೊಟ್ಟು ಹಳೆಯ ಮನೆಗಳನ್ನು ದುರಸ್ತಿ ಮಾಡಲಾಯಿತು. ಪ್ರಾಥಮಿಕ ಶಾಲೆ ಮತ್ತು ಚಿಕಿತ್ಸಾಲಯ ಬಂದವು. ಮರಗೆಲಸ, ಲಿಪಿಕಲೆ, ಆಭರಣ, ಮಣ್ಣಿನ ಪಾತ್ರೆಗಳ ತರಬೇತಿ ಇವುಗಳ ಜೊತೆಜೊತೆಗೆ ಬೆಳೆಯಿತು. ಕಸ ತೆಗೆದವರನ್ನು ಆ ಬೀದಿಯ ಜನ ಪರಕೀಯರೆಂದು ನೋಡುವುದು ಕಷ್ಟ.

ಹಾಗಾದರೆ ನಮ್ಮ ಶಾಲೆಯ ನಕಾಶೆ ಏನು? ಊರ ಹೊರಗೆ ಅಗ್ಗದ ಜಮೀನು ಸಿಕ್ಕಿತೆಂದು ಅಲ್ಲಿ ಕಟ್ಟಕೂಡದು. ಹೆಣ್ಣು ಮಗಳು ನಡೆದು ಬಂದು, ನಡೆದು ಮರಳುವಷ್ಟು ಹತ್ತಿರದಲ್ಲಿ, ಕುಶಲಕರ್ಮಿಗಳ ಗಲ್ಲಿಗಳ ನಡುವೆಯೇ ಅದಿರಬೇಕು. ಬೀದಿಯ ಬದಿಗೆ ದೊಡ್ಡ ಕಿಟಕಿಗಳಿರಲಿ, ಒಳಗಿನ ಕೆಲಸವನ್ನು ತಾಯಂದಿರು ನಿಂತು ನೋಡಲಿ. ಏನು ನಡೆಯುತ್ತಿದೆ ಎಂದು ಕಂಡರೆ ಅರ್ಧ ಅನುಮಾನ ಅಲ್ಲಿಯೇ ಕರಗುತ್ತದೆ. ಎರಕದ ಒಲೆ ಮಾತ್ರ ಅಂಗಳದ ತುದಿಯಲ್ಲಿ, ಎತ್ತರದ ಹೊಗೆಗೂಡಿನೊಂದಿಗೆ ಪ್ರತ್ಯೇಕವಾಗಿರಲಿ. ಸತುವಿನ ಹೊಗೆ ಎದೆಗೆ ಕೆಟ್ಟದ್ದು. ಇಕ್ಕಟ್ಟಾದ ಮನೆಯೊಳಗೆ ಆ ಹೊಗೆ ಕುಡಿದ ತಲೆಮಾರುಗಳ ಕೆಮ್ಮನ್ನು ಮುಂದಿನವರಿಗೆ ದಾಟಿಸಬಾರದು.

ಅಂಗಡಿಗಳಲ್ಲಿ ದುಡಿಯುವ ಹುಡುಗರಿಗಾಗಿ ಸಂಜೆಯ ತರಗತಿ ಬೇಕು. ಜುಮಾದ ಹೊತ್ತಿಗೆ ಬಿಡುವು, ರಮಝಾನಿನಲ್ಲಿ ಬೇರೆ ವೇಳಾಪಟ್ಟಿ, ವುಝೂ ಮಾಡಲು ನೀರು, ಮಹಿಳೆಯರಿಗೆ ಸ್ವಚ್ಛ ಶೌಚಾಲಯ ಇವು ಸಣ್ಣ ವಿಷಯಗಳಲ್ಲ. ಉರ್ದು ಬಲ್ಲವರಿಗೆ ಉರ್ದುವಿನಲ್ಲಿ ಪಾಠವಾಗಲಿ, ಜೊತೆಗೆ ಲೆಕ್ಕ, ರಸೀದಿ, ತೆರಿಗೆ ಮತ್ತು ಬ್ಯಾಂಕ್ ವ್ಯವಹಾರವನ್ನು ಕನ್ನಡದಲ್ಲಿ ಕಲಿಸಲಿ. ಮಧ್ಯವರ್ತಿಯ ಹಿಡಿತ ಸಡಿಲವಾಗುವುದು ಅಲ್ಲಿಂದಲೇ. ಎಲ್ಲಕ್ಕಿಂತ ಮುಖ್ಯವಾಗಿ, ಪದವಿಯಿಲ್ಲದ ವೃದ್ಧ ಕುಶಲಕರ್ಮಿಗೆ ಗುರುವಿನ ಪೀಠವೂ ಗುರುವಿನ ಸಂಬಳವೂ ದೊರೆಯಲಿ. ಅವರನ್ನು ಉದ್ಘಾಟನೆಯ ದಿನ ಶಾಲು ಹೊದಿಸಿ ಮನೆಗೆ ಕಳುಹಿಸುವುದು ಗೌರವವಲ್ಲ.

ಚಿತ್ರಕಲೆ ಧರ್ಮಸಮ್ಮತವೇ ಎಂದು ಕೆಲವು ಸಹೋದರರು ಕೇಳುತ್ತಾರೆ. ಜೀವಿಗಳ ಚಿತ್ರದ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯಗಳಿವೆ, ಅವನ್ನು ಗೌರವಿಸೋಣ. ಆದರೆ ಬಳ್ಳಿ, ಹೂವು, ಜ್ಯಾಮಿತಿ, ಲಿಪಿಕಲೆಗಳ ಲೋಕವೇ ಒಂದು ಆಯುಷ್ಯಕ್ಕೆ ಮುಗಿಯದು. ನಮ್ಮ ಮಸೀದಿಗಳ ಗೋಡೆಗಳೇ ಅದಕ್ಕೆ ಸಾಕ್ಷಿ.

2022ರಲ್ಲಿ ಈ ರಾಜ್ಯದಲ್ಲಿ ಶಿರವಸ್ತ್ರದ ಕಾರಣಕ್ಕಾಗಿ ನಮ್ಮ ಹೆಣ್ಣು ಮಕ್ಕಳನ್ನು ಕಾಲೇಜಿನ ಗೇಟಿನಲ್ಲಿ ತಡೆಯಲಾಯಿತು. ಆ ವರ್ಷದ ಮಾರ್ಚ್‌ನಲ್ಲಿ ಹೈಕೋರ್ಟು ಸರಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್‌ನಲ್ಲಿ ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪುಗಳನ್ನು ನೀಡಿದರು. ಮುಚ್ಚಿದ ಗೇಟಿನ ನೋವು ನಮಗೆ ಗೊತ್ತು. ಆದ್ದರಿಂದಲೇ ನಮ್ಮ ಗೇಟು ಯಾರಿಗೂ ಮುಚ್ಚಬಾರದು. ದಲಿತ ಹುಡುಗನೂ ಲಿಂಗಾಯತ ಹುಡುಗಿಯೂ ನಮ್ಮ ಮಕ್ಕಳ ಪಕ್ಕದಲ್ಲಿ ಕುಳಿತು ಉಳಿ ಹಿಡಿಯಲಿ. ಸಮುದಾಯವನ್ನು ಸ್ವಾಗತಿಸುವ ಶಾಲೆಯೆಂದರೆ ಸಮುದಾಯವನ್ನು ಕೂಡಿಹಾಕುವ ಶಾಲೆಯಲ್ಲ. ಅಂತೆಯೇ, ಗೇಟಿನಲ್ಲಿ ತಡೆದವರನ್ನು ಖಂಡಿಸಿದ ನಾವು, ಮಗಳನ್ನು ಮನೆಯ ಹೊಸ್ತಿಲಲ್ಲೇ ತಡೆಯುವ ತಂದೆಯನ್ನೂ ಪ್ರಶ್ನಿಸಬೇಕಾಗಿದೆ.

ಹಣವೆಲ್ಲಿದೆ ಎನ್ನುವಿರಿ. ಝಕಾತ್‌ನಿಂದ ಕಟ್ಟಡ ಕಟ್ಟುವುದನ್ನು ಬಹುಪಾಲು ಉಲಮಾಗಳು ಒಪ್ಪುವುದಿಲ್ಲ. ಆದರೆ ಬಡ ವಿದ್ಯಾರ್ಥಿಯ ಕೈಗೆ ಅದನ್ನು ಕೊಡಬಹುದು. ಕಲಿಕೆಯ ಅವಧಿಯಲ್ಲಿ ಮನೆಗೆ ಕೂಲಿ ತಪ್ಪದಂತೆ ನೋಡಿಕೊಂಡರೆ ಎಷ್ಟೋ ಮಕ್ಕಳು ಉಳಿಯುತ್ತಾರೆ. ಕಟ್ಟಡಕ್ಕೆ ವಕ್ಫ್ ಇದೆ. 2025ರ ವಕ್ಫ್ ತಿದ್ದುಪಡಿ ಕಾಯ್ದೆಯನ್ನು ನಾವು ವಿರೋಧಿಸಿದೆವು, ವಿರೋಧಿಸಲೇಬೇಕಿತ್ತು. ಆದರೆ ವಕ್ಫ್ ಮಳಿಗೆಗಳನ್ನು ಪುಡಿಗಾಸಿನ ಬಾಡಿಗೆಗೆ ಹಿಡಿದುಕೊಂಡು ಬಿಡದವರಲ್ಲಿ ನಮ್ಮವರೂ ಇದ್ದಾರೆ. ಒಂದು ಮದುವೆಯ ಶಾಮಿಯಾನ ಮತ್ತು ಬಿರಿಯಾನಿಯ ಆಡಂಬರವನ್ನು ಅರ್ಧಕ್ಕಿಳಿಸಿದರೆ ಒಬ್ಬ ಗುರುವಿನ ಹಲವು ತಿಂಗಳ ಸಂಬಳ ಹುಟ್ಟುತ್ತದೆ.

ಆದುದರಿಂದ ಕಟ್ಟಡಕ್ಕಾಗಿ ಕಾಯದೆ ಕೆಲಸ ಆರಂಭಿಸೋಣ. ಬಾಡಿಗೆಯ ಒಂದು ಕೋಣೆ, ಇಬ್ಬರು ಉಸ್ತಾದರು, ಹನ್ನೆರಡು ಮಕ್ಕಳು, ಅವರಲ್ಲಿ ಅರ್ಧದಷ್ಟು ಹೆಣ್ಣು ಮಕ್ಕಳು, ಇಷ್ಟು ಸಾಕು. ಗವಾನರ ಮದ್ರಸ ಕಟ್ಟಿ ಐದೂವರೆ ಶತಮಾನಗಳು ಕಳೆದವು. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದರಿಂದ ನಾವು ಅದರ ವಾರಸುದಾರರಾಗುವುದಿಲ್ಲ. ಅಲ್ಲಾಹನು ನಮ್ಮ ಕೈಗಳ ದುಡಿಮೆಯಲ್ಲಿ ಬರಕತ್ ನೀಡಲಿ, ನಮ್ಮ ಬಾಗಿಲುಗಳನ್ನು ವಿಶಾಲಗೊಳಿಸಲಿ. ಆಮೀನ್.