ಕೈಯಲ್ಲಿ ಜೋಡಿ ರಾಜ

ಇಸ್ಪೀಟೆಂದರೆ ಬರೀ ಅದೃಷ್ಟ ಎನ್ನುವವರುಂಟು, ಸಭಿಕರೇ. ಅದು ಪೂರ್ತಿ ನಿಜವಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಹುಟ್ಟಿದ ಹೋಲ್ಡೆಮ್ ಪೋಕರ್‌ನಲ್ಲಿ ಒಬ್ಬೊಬ್ಬರಿಗೂ ಎರಡು ಗುಪ್ತ ಎಲೆ. ಎರಡೂ ರಾಜನಾದರೆ, ಅದನ್ನು ಮೀರಿಸುವ ಜೋಡಿ ಎಕ್ಕದ್ದೊಂದೇ. ಆಮೇಲೆ ಎಲ್ಲರಿಗೂ ಸೇರಿದ ಮೂರು ಎಲೆಗಳನ್ನು ಮೇಜಿನ ಮೇಲೆ ಬಿಚ್ಚುತ್ತಾರೆ, ಇದೇ ‘ಫ್ಲಾಪ್’. ನೂರರಲ್ಲಿ ಸುಮಾರು 12 ಸಲ ಅಲ್ಲಿ ಮತ್ತೆ ರಾಜ ಬರುತ್ತಾನೆ. 23 ಸಲ ಎಕ್ಕ ಬರುತ್ತದೆ.

ಸಣ್ಣ ಎಲೆಗಳೇ ಬಿದ್ದರೆ ಬಲ್ಲವನು ಪಣ ಕಟ್ಟುತ್ತಾನೆ. ಎದುರಾಳಿಗೆ ಮುಂದಿನ ಎಲೆ ಪುಕ್ಕಟೆ ಸಿಗಬಾರದು. ಎಕ್ಕ ಬಿದ್ದು, ಎದುರಾಳಿ ಪಣ ಏರಿಸುತ್ತಲೇ ಹೋದರೆ ರಾಜರನ್ನೂ ಕೆಳಗಿಡುತ್ತಾನೆ. 1970ರಲ್ಲಿ ಲಾಸ್ ವೇಗಾಸ್‌ನಲ್ಲಿ ಆರಂಭವಾದ ‘ವರ್ಲ್ಡ್ ಸೀರೀಸ್’ನ ಮುಖ್ಯ ಪಂದ್ಯದಲ್ಲಿ ಪಣಕ್ಕೆ ಮಿತಿಯಿಲ್ಲ, ಬಿಡಲು ಮನಸ್ಸಾಗದ ಒಂದು ಜೋಡಿಯಿಂದ ಇದ್ದದ್ದೆಲ್ಲ ಹೋಗಬಹುದು. ಎಲೆ ಕೊಡುವುದು ಅದೃಷ್ಟ; ಬಿಡುವುದನ್ನು ಕಲಿಸುವುದು ವಿವೇಕ.