ಮೆತ್ತನೆ ದನಿಯ ವಯೋಲಾ ಮುಂದೆ ಬಂದ ಬಗೆ

ಶಾಲೆಯ ಬೆಳಗಿನ ಪ್ರಾರ್ಥನೆ ಗೊತ್ತಲ್ಲ? ಇಬ್ಬರು ಮುಂದೆ ನಿಂತು ಒಂದು ಸಾಲು ಹಾಡುತ್ತಾರೆ, ಹಿಂದಿದ್ದವರೆಲ್ಲ ದನಿಗೂಡಿಸುತ್ತಾರೆ. ಪಾಶ್ಚಾತ್ಯ ಸಂಗೀತದಲ್ಲೂ ಹೀಗೆ ಕಟ್ಟಿದ ಕೃತಿಗಳಿವೆ. ಕೆಲವೇ ವಾದ್ಯಗಳು ಮುಂದಾಳುಗಳು, ದೊಡ್ಡ ವಾದ್ಯವೃಂದ ಅವಕ್ಕೆ ಜೊತೆ. ಇದಕ್ಕೆ ಸಿಂಫೋನಿಯಾ ಕನ್ಸರ್ಟಾಂಟೆ ಎನ್ನುತ್ತಾರೆ.

1779ರಲ್ಲಿ ಮೊಜಾರ್ಟ್ ಎಂಬ ಸಂಗೀತಗಾರ ಇಂಥದ್ದೊಂದನ್ನು ಬರೆದ. ಆಗ ಅವನಿಗೆ 23 ವರ್ಷ, ಊರು ಸಾಲ್ಜ್‌ಬರ್ಗ್. ಅವನು ಮುಂದೆ ನಿಲ್ಲಿಸಿದ್ದು ಎರಡು ವಾದ್ಯಗಳನ್ನು: ಪಿಟೀಲು ಮತ್ತು ವಯೋಲಾ. ವಯೋಲಾ ನೋಡಲು ಪಿಟೀಲಿನಂತೆಯೇ ಇರುತ್ತದೆ. ಆದರೆ ಗಾತ್ರ ತುಸು ದೊಡ್ಡದು, ದನಿ ತಗ್ಗಿನದು, ಮೆತ್ತಗಿನದು.

ಇಲ್ಲೊಂದು ತೊಡಕಿತ್ತು. ಹಿಂದಿನ ವಾದ್ಯವೃಂದದಲ್ಲೂ ವಯೋಲಾಗಳಿದ್ದವು! ಅವುಗಳ ನಡುವೆ ಮುಂದಿನ ವಯೋಲಾದ ದನಿ ಕರಗಿಹೋಗದಂತೆ ಏನು ಮಾಡುವುದು?

ಬನ್ನಿ, ನಾವೇ ಹುಡುಕೋಣ. ಖಾಲಿ ಸ್ಟೀಲ್ ಡಬ್ಬಿಯ ಬಾಯಿಗೆ ಅಡ್ಡಲಾಗಿ ರಬ್ಬರ್ ಬ್ಯಾಂಡ್ ಹಾಕಿ ಮೀಟಿ. ಈಗ ಅದನ್ನು ಡಬ್ಬಿಯ ಪಕ್ಕದಿಂದ ಕೆಳಕ್ಕೆ ಎಳೆದು ಬಿಗಿಮಾಡಿ, ಮತ್ತೆ ಮೀಟಿ. ಸ್ವರ ಮೇಲೇರಿತು, ಅಲ್ಲವೇ? ಬಿಗಿಯಾದ ಎಳೆ ಬೇಗಬೇಗ ಅದುರುತ್ತದೆ. ಅದುರುವಿಕೆ ಚುರುಕಾದಷ್ಟೂ ಸ್ವರ ಎತ್ತರ.

ಮೊಜಾರ್ಟ್ ಮಾಡಿಸಿದ್ದೂ ಇದನ್ನೇ. ಮುಂದಿನ ವಯೋಲಾದ ನಾಲ್ಕೂ ತಂತಿಗಳನ್ನು ಅರ್ಧ ಸ್ವರದಷ್ಟು ಬಿಗಿಗೊಳಿಸಲು ಹೇಳಿದ. ಸೆಕೆಂಡಿಗೆ 100 ಸಲ ಅದುರುವ ತಂತಿ ಆಗ ಸುಮಾರು 106 ಸಲ ಅದುರುತ್ತದೆ. ದನಿಗೆ ಹೊಳಪು ಬರುತ್ತದೆ.

ಇನ್ನೊಂದು ಗುಟ್ಟೂ ಇದೆ. ತಂತಿಯನ್ನು ಬೆರಳಿನಿಂದ ಒತ್ತಿದರೆ, ಬೆರಳಿನ ಮೆತ್ತನೆ ತುದಿ ಅದುರುವಿಕೆಯನ್ನು ಸ್ವಲ್ಪ ಹೀರಿಕೊಳ್ಳುತ್ತದೆ. ಒತ್ತದೆ ಬಿಟ್ಟ ತಂತಿ ಹೆಚ್ಚು ಹೊತ್ತು ಗುಂಯ್‌ಗುಡುತ್ತದೆ. ಮೊಜಾರ್ಟನ ಏರ್ಪಾಡಿನಿಂದ, ಈ ಕೃತಿಯ ಮುಖ್ಯ ಸ್ವರಗಳಲ್ಲಿ ಬೆರಳಿಡದ ತಂತಿಯಲ್ಲೇ ನುಡಿಸಬಹುದಾದವು ಮುಂದಿನ ವಯೋಲಾಕ್ಕೆ ಹೆಚ್ಚು ಸಿಕ್ಕವು, ಹಿಂದಿನವಕ್ಕೆ ಕಡಿಮೆ.

ನಮ್ಮ ಪಿಟೀಲು ವಾದಕ ಮೈಸೂರು ಟಿ. ಚೌಡಯ್ಯನವರಿಗೂ ಇಂಥದ್ದೇ ಯೋಚನೆ ಬಂದಿತ್ತು. ದೊಡ್ಡ ಸಭೆಯಲ್ಲಿ ಕೊನೆಯ ಸಾಲಿನವರಿಗೂ ಪಿಟೀಲು ಕೇಳಿಸಬೇಕಲ್ಲ! ಅವರು ನಾಲ್ಕು ತಂತಿಗಳ ಜೊತೆಗೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದರು. ಒಬ್ಬರು ತಂತಿ ಬಿಗಿದರು, ಇನ್ನೊಬ್ಬರು ತಂತಿ ಹೆಚ್ಚಿಸಿದರು. ಇಬ್ಬರೂ ಅದುರುವ ತಂತಿಯ ಗುಣವನ್ನು ಚೆನ್ನಾಗಿ ಬಲ್ಲವರು.

ಮನೆಯಲ್ಲಿ ದೊಡ್ಡವರನ್ನು ಕೇಳಿ ಮೊಜಾರ್ಟನ ಈ ಕೃತಿಯನ್ನು ಹಾಕಿಸಿಕೊಳ್ಳಿ. ಎರಡನೆಯ ಭಾಗ ನಿಧಾನವಾಗಿದೆ, ಅಲ್ಲಿಂದಲೇ ಶುರುಮಾಡಿ. ವಾದ್ಯವೃಂದ ಪೀಠಿಕೆ ಹಾಕಿದ ಮೇಲೆ ಮೊದಲು ಮಾತಾಡುವುದು ಪಿಟೀಲು, ಉತ್ತರ ಕೊಡುವುದು ವಯೋಲಾ. ಯಾವುದು ಯಾವುದೆಂದು ಕಣ್ಣು ಮುಚ್ಚಿಕೊಂಡೇ ಗುರುತಿಸಬಲ್ಲಿರಾ?