ಕೇಳಿದವರ ಸಾಕ್ಷ್ಯ
(ಸಂಗೀತ ರಸಿಕರ ಕೂಟವೊಂದರಲ್ಲಿ ಮಾಡಿದ ಭಾಷಣ)



ಸಂಗೀತದ ವಿಷಯವಾಗಿ ನಾಲ್ಕು ಮಾತಾಡಬೇಕೆಂದು ಈ ಕೂಟದವರು ನನ್ನನ್ನು ಕರೆದಿರುವರು. ನಾನು ಗಾಯಕನಲ್ಲ, ವಾದಕನಲ್ಲ, ಶಾಸ್ತ್ರಜ್ಞನಂತೂ ಅಲ್ಲವೇ ಅಲ್ಲ. ನನ್ನ ವೃತ್ತಿ ವಕೀಲಿಯದು. ಗಾಯನ ಕೇಳುವದು ನನ್ನ ಚಟವು. ಹೀಗಿರಲು ರಾಗಲಕ್ಷಣವನ್ನು ಕುರಿತು ನಾನು ಬಾಯಿದೆರೆದರೆ ಅಧಿಕಪ್ರಸಂಗವಾದೀತು. ಆದರೆ ಗಾಯನವನ್ನು ಕೇಳಿ ಬಂದ ಮೇಲೆ ನಾವು ಒಬ್ಬರೊಡನೊಬ್ಬರು ಆಡುವ ಮಾತನ್ನು ಕುರಿತು ಹೇಳುವ ಅಧಿಕಾರವು ನನಗೂ ಇದೆಯೆಂದು ಭಾವಿಸುತ್ತೇನೆ. ಸಾಕ್ಷಿಗಳ ಮಾತನ್ನು ಒರೆಗೆ ಹಚ್ಚುವದೇ ನನ್ನ ದಿನದ ಕೆಲಸವಷ್ಟೆ!

ನಮ್ಮ ಧಾರವಾಡದ ಕಡೆಗೆ ಬೈಠಕು ಮುಗಿದ ಮರುದಿನ, ಬರಲಾಗದವರು ಬಂದವರನ್ನು ಕೇಳುವರು: "ಹ್ಯಾಂಗಾತ್ರೀ ನಿನ್ನಿ ಗಾಯನ?" ಉತ್ತರ: "ಭಾರೀ ಆತ್ರೀ, ನೀವು ಬರಬೇಕಾಗಿತ್ತು." ಇಲ್ಲಿಗೆ ಮೊಕದ್ದಮೆ ಮುಗಿಯಿತು. ಮೈಸೂರಿನ ಕಡೆಗೆ ಹೋದರೂ ಇದೇ ಗತಿ. "ಕಛೇರಿ ಹೇಗಿತ್ತು ಸ್ವಾಮಿ?" "ಕಲ್ಯಾಣಿಯಂತೂ ಕೇಳಲೇಬೇಡಿ!" ಕೇಳಬೇಕೆಂದು ಬಂದವನಿಗೆ ಕೇಳಬೇಡಿರೆಂಬ ಉತ್ತರವು! ನಾಲ್ಕು ತಾಸು ತನ್ಮಯರಾಗಿ ಕುಳಿತು ಬಂದವರು ನಾಲ್ಕು ಮಾತಿನಲ್ಲಿ ಎಲ್ಲವನ್ನೂ ತೀರಿಸಿಬಿಡುವರು.

ಇದರಿಂದಾಗುವ ಹಾನಿಯು ಸಣ್ಣದಲ್ಲ. ಚಿತ್ರ ಬರೆದವನು ಹೋದರೂ ಚಿತ್ರವು ಉಳಿಯುವದು. ಕವಿ ಹೋದರೆ ಕಾವ್ಯವು ಉಳಿಯುವದು. ಬೈಠಕಾದರೋ ತಂಬೂರಿಗೆ ಗವಸು ಹಾಕುವಷ್ಟರಲ್ಲಿ ಇಲ್ಲವಾಗುವದು. ವೀಣೆ ಶೇಷಣ್ಣನವರು ೧೯೨೬ರಲ್ಲಿ ತೀರಿಕೊಂಡರು. ಅವರ ವೀಣೆಯನ್ನು ಎದುರಿಗೆ ಕುಳಿತು ಕೇಳಿದವರು ಇಂದು ಯಾರಿದ್ದಾರೆ? ಆದರೂ ಅವರ ಗುಣವನ್ನು ನಾವು ಅಷ್ಟಿಷ್ಟು ಬಲ್ಲೆವು. ಮೈಸೂರು ವಾಸುದೇವಾಚಾರ್ಯರು ತಾವು ಕಂಡ ಕಲಾವಿದರನ್ನು ಕುರಿತು ಕನ್ನಡದಲ್ಲಿ ಬರೆದಿಟ್ಟುದರಿಂದಲೂ, ಡಿ. ವಿ. ಗುಂಡಪ್ಪನವರು 'ಜ್ಞಾಪಕ ಚಿತ್ರಶಾಲೆ'ಯಲ್ಲಿ ಕಲೋಪಾಸಕರಿಗೆ ಒಂದು ಸಂಪುಟವನ್ನೇ ಮೀಸಲಿಟ್ಟುದರಿಂದಲೂ ಇದು ಸಾಧ್ಯವಾಯಿತು. ವಾಸುದೇವಾಚಾರ್ಯರು ಸ್ವತಃ ದೊಡ್ಡ ವಾಗ್ಗೇಯಕಾರರು. ಅವರು ಬರೆದುದರಲ್ಲಿ ಆಶ್ಚರ್ಯವಿಲ್ಲ. ಗುಂಡಪ್ಪನವರಾದರೋ ನಮ್ಮಂತೆ ಕೇಳುವ ಪಂಕ್ತಿಯಲ್ಲಿ ಕುಳಿತವರು. ನಮಗೆ ಮೇಲ್ಪಂಕ್ತಿಯಾಗತಕ್ಕವರು ಅವರೇ.

"ಈಗ ಯಂತ್ರಗಳು ಬಂದಿವೆಯಲ್ಲ, ನಿಮ್ಮ ಸಾಕ್ಷ್ಯ ಯಾರಿಗೆ ಬೇಕು?" ಎಂದು ಎದುರು ಪಕ್ಷದವರು ಕೇಳಬಹುದು. ಯಂತ್ರವನ್ನು ನಾನು ಹಳಿಯಲಾರೆ. ರೋಣದಲ್ಲಿ ೧೯೨೨ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಬ್ದುಲ್ ಕರೀಮ ಖಾನ ಸಾಹೇಬರ ಧ್ವನಿಮುದ್ರಿಕೆಯನ್ನು ಕೇಳಿಯೇ ಮರುಳಾದರು. ೧೯೩೩ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತ ಮನೆಬಿಟ್ಟು ಹೋದರು. ಆಗಿನ ಮುದ್ರಿಕೆಯ ಒಂದು ಬದಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ಮಿನಿಟಿನ ಹಾಡು! ಅಷ್ಟರಿಂದಲೇ ಒಬ್ಬ ಹುಡುಗನ ಬಾಳು ತಿರುಗಿತು. ಆದರೆ ಅದೇ ಖಾನ ಸಾಹೇಬರು ಕುಂದಗೋಳದ ನಾಡಗೀರರ ವಾಡೆಯಲ್ಲಿ ಹಾಡಿದಾಗ ವಿಲಂಬಿತದ ಒಂದೊಂದೇ ಸ್ವರವನ್ನು ಹೇಗೆ ಬೆಳೆಯಿಸುತ್ತಿದ್ದರು, ಸಭೆಯು ಎಲ್ಲಿ ಉಸಿರು ಬಿಗಿಹಿಡಿಯಿತು, ಎಲ್ಲಿ "ವಾಹ್" ಎನ್ನಲೂ ಮರೆಯಿತು, ಇದನ್ನು ಮೂರು ಮಿನಿಟಿನ ಮುದ್ರಿಕೆಯು ಹೇಳದು.

ಇಂದು ಪ್ರತಿಯೊಬ್ಬರ ಕಿಸೆಯಲ್ಲಿಯೂ ಮುದ್ರಣಯಂತ್ರವಿದೆ. ಮೊಬೈಲನ್ನು ಎತ್ತಿಹಿಡಿದು ಇಡೀ ಭೈರವಿಯನ್ನು ಸೆರೆಹಿಡಿಯುವ ರಸಿಕನನ್ನು ನೀವೂ ಕಂಡಿರಬಹುದು. ಅವನ ಕಣ್ಣು ಆ ಪುಟ್ಟ ಚೌಕಟ್ಟಿನಲ್ಲಿ, ಕೈ ನಡುಗದಂತೆ ನೋಡಿಕೊಳ್ಳುವದರಲ್ಲಿ ಮನಸ್ಸು. ಮರುದಿನ ಅವನನ್ನು ಕೇಳಿರಿ, "ನಿಮಗೆ ಕಳಿಸಿಕೊಡುವೆನು" ಎನ್ನುವನೇ ಹೊರತು ತಾನು ಕೇಳಿದುದನ್ನು ಹೇಳಲಾರನು.

ಸಾಕ್ಷಿಯು ಮೊದಲು ಹೇಳತಕ್ಕುದು ಕಾಲವನ್ನು. ಇದಕ್ಕೆ ಗಂಗೂಬಾಯಿ ಹಾನಗಲ್ಲರ ದೃಷ್ಟಾಂತವು ಸಾಕು. ಅವರ ಮೊದಮೊದಲಿನ ಧ್ವನಿಮುದ್ರಿಕೆಗಳು 'ಗಾಂಧಾರಿ' ಎಂಬ ಹೆಸರಿನಿಂದ ಹೊರಬಂದವು. ಅವುಗಳಲ್ಲಿರುವದು ಎಳೆಯ, ತೆಳುವಾದ, ಏರುಶ್ರುತಿಯ ಹೆಣ್ಣುದನಿ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಆ ದನಿ ಇಳಿಯಿತು, ದಪ್ಪವಾಯಿತು. ಮುಂದೆ ಲೋಕವೆಲ್ಲ ತಲೆಬಾಗಿದುದು ಆ ಗಂಭೀರವಾದ ದನಿಗೇ. "ಗಂಗೂಬಾಯಿಯವರದು ಕೋಗಿಲೆಯ ಕಂಠ" ಎಂದು ಒಬ್ಬರು, "ಛೇ, ಗಂಡುದನಿ" ಎಂದು ಇನ್ನೊಬ್ಬರು ಹೇಳಿದರೆ ಇಬ್ಬರಲ್ಲಿ ಒಬ್ಬರು ಸುಳ್ಳುಸಾಕ್ಷಿಯೆಂದು ತೀರ್ಪು ಕೊಡಬೇಕೆ? ವರುಷವನ್ನು ಹೇಳಿದ್ದರೆ ಇಬ್ಬರ ಮಾತೂ ನಿಂತೀತು. ಬೆಳಗಾವಿಯ ಸಮೀಪದ ಸುಳೇಭಾವಿಯಲ್ಲಿ ೧೯೨೪ರಲ್ಲಿ ಹುಟ್ಟಿದ ಕುಮಾರ ಗಂಧರ್ವರ ವಿಷಯವೂ ಹೀಗೆಯೇ. ಬಾಲಕನಾಗಿದ್ದಾಗ ಅವರು ದೊಡ್ಡ ಉಸ್ತಾದರ ಧ್ವನಿಮುದ್ರಿಕೆಗಳನ್ನು ಯಥಾವತ್ತಾಗಿ ಹಾಡಿ ಬೆರಗುಗೊಳಿಸಿದರು. ೧೯೪೭ರ ಹೊತ್ತಿಗೆ ಕ್ಷಯರೋಗವು ತಗುಲಿ ಕೆಲವು ವರುಷ ಹಾಡುವಂತಿರಲಿಲ್ಲ. ಮರಳಿ ಹಾಡಿದಾಗ ಒಂದೇ ಪುಪ್ಪುಸದ ಬಲದಿಂದ, ಚಿಕ್ಕ ಚಿಕ್ಕ ತುಣುಕುಗಳಲ್ಲಿ ಬೇರೆಯೇ ಒಂದು ಗಾಯಕಿಯನ್ನು ಕಟ್ಟಿದರು. ಯಾವ ಕುಮಾರರನ್ನು ಕೇಳಿದಿರಿ ಎಂಬುದನ್ನು ಹೇಳದ ಸಾಕ್ಷ್ಯಕ್ಕೆ ಬೆಲೆಯೆಷ್ಟು?

ಎಲ್ಲಿ ಕುಳಿತಿದ್ದಿರಿ ಎಂಬುದನ್ನೂ ಹೇಳಬೇಕು. ಧ್ವನಿವರ್ಧಕವು ಎಲ್ಲೆಡೆಗೆ ಬಾರದಿದ್ದ ಕಾಲದಲ್ಲಿ ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿಗಳನ್ನು ಕಟ್ಟಿದುದು ಸಭೆಯ ಕೊನೆಯವನಿಗೂ ನಾದವು ಮುಟ್ಟಲೆಂದೇ. ಕಲಾವಿದನಿಗೆ ಹಿಂದಿನ ಸಾಲಿನ ಚಿಂತೆಯಿತ್ತು. ನಾವು ಮಾತ್ರ ಹಿಂದಿನ ಸಾಲಿನಲ್ಲಿ ಕುಳಿತು ಮುಂದಿನ ಸಾಲಿನವರ ಅಭಿಪ್ರಾಯವನ್ನು ನಮ್ಮದೆಂದು ಹೇಳುವೆವು. ನ್ಯಾಯಾಲಯದಲ್ಲಿ ಇಂಥ ಕೇಳಿಕೆಯ ಮಾತಿಗೆ ಪುರಾವೆಯ ಬೆಲೆಯಿಲ್ಲ.

ಇನ್ನು ಕೆಲವರುಂಟು, ಅವರಿಗೆ ರಾಗದ ಹೆಸರೇ ಸರ್ವಸ್ವವು. ಮಲ್ಲಿಕಾರ್ಜುನ ಮನಸೂರರ ಬೈಠಕುಗಳಲ್ಲಿ ಇಂಥವರ ಪಾಡು ದೊಡ್ಡದಾಗುತ್ತಿತ್ತಂತೆ. ಜಯಪುರ ಅತ್ರೌಲಿ ಘರಾಣೆಯ ಅಪ್ರಸಿದ್ಧ ರಾಗಗಳನ್ನು ಅವರು ಎತ್ತಿಕೊಳ್ಳುವರು. ಉದ್ದವಾದ ಪೀಠಿಕೆಯೂ ಇಲ್ಲದೆ ನೇರವಾಗಿ ಚೀಜಿಗೇ ಬರುವರು. ಪಕ್ಕದವನು "ಇದು ಖಟ್ ಏನು? ಅಲ್ಲ, ಬೇರೆ ಏನೋ" ಎಂದು ಪಿಸುಗುಟ್ಟುತ್ತ ಲೆಕ್ಕ ಹಾಕುವಷ್ಟರಲ್ಲಿ ಅರ್ಧ ರಾಗವು ಕೈಬಿಟ್ಟು ಹೋಗಿರುವದು. ಹೆಸರು ತಿಳಿಯದಿದ್ದರೆ ತಿಳಿಯಲಿಲ್ಲವೆಂದೇ ಬರೆಯಲಿ. ಒಂದೇ ಉಸಿರಿನಲ್ಲಿ ಹೆಣೆದ ತಾನು ಸಮಕ್ಕೆ ಬಂದು ಇಳಿದಾಗ ತನಗೇನಾಯಿತೆಂಬುದನ್ನು ಹೇಳಲು ರಾಗದ ಹೆಸರೇಕೆ ಬೇಕು?

ಸಾಕ್ಷ್ಯದ ಅವಸರವು ಇಂದು ಹೆಚ್ಚಾಗಿರುವದಕ್ಕೆ ಕಾನೂನಿನ ಕಾರಣವೂ ಒಂದುಂಟು. ಸವಾಯಿ ಗಂಧರ್ವರು ೧೯೫೨ರಲ್ಲಿ ತೀರಿಕೊಂಡ ಮರುವರುಷ ಶಿಷ್ಯರಾದ ಭೀಮಸೇನರು ಪುಣೆಯಲ್ಲಿ ಅವರ ಪುಣ್ಯತಿಥಿಯ ಉತ್ಸವವನ್ನು ಆರಂಭಿಸಿದರು. ಬಹು ವರುಷ ಅದು ರಾತ್ರಿಯಿಡೀ ನಡೆಯಿತು. ೨೦೦೦ನೆಯ ಇಸವಿಯ ಶಬ್ದಮಾಲಿನ್ಯದ ನಿಯಮಗಳ ಪ್ರಕಾರ, ಮುಚ್ಚಿದ ಸಭಾಂಗಣಗಳನ್ನುಳಿದು, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕವನ್ನು ಹಚ್ಚಕೂಡದು. ವರುಷದಲ್ಲಿ ಕೆಲವು ದಿನ ನಡುರಾತ್ರಿಯವರೆಗೆ ವಿನಾಯಿತಿ ಉಂಟು, ಅಷ್ಟೇ. ನಿಯಮವು ತಪ್ಪೆಂದು ನಾನು ಹೇಳೆನು. ರೋಗಿಗೂ ಓದುವ ಹುಡುಗನಿಗೂ ನಿದ್ದೆಯ ಹಕ್ಕಿದೆ. ಆದರೆ ಬಯಲಿನ ದೊಡ್ಡ ಸಭೆಗಳಲ್ಲಿ ದರಬಾರಿಯು ನಡುರಾತ್ರಿ ಮೀರಿದ ಮೇಲೆ ಹೇಗಿರುತ್ತಿತ್ತು, ಲಲಿತದ ಎರಡು ಮಧ್ಯಮಗಳು ಮೂಡಣವು ಬೆಳಗುವ ಮುನ್ನ ಹೇಗೆ ಕೇಳಿಸುತ್ತಿದ್ದವು ಎಂಬುದನ್ನು ಬಲ್ಲವರು ಈಗ ಮುಪ್ಪಿನವರು. ಅವರು ನಮ್ಮ ಊರಲ್ಲಿಯೇ, ನಮ್ಮ ಓಣಿಯಲ್ಲಿಯೇ ಇದ್ದಾರೆ. ಅವರನ್ನು ಯಾರು ಕೇಳಿದ್ದಾರೆ?

ಹಾಡಿದವರೇ ಕೊಟ್ಟ ಸಾಕ್ಷ್ಯವು ಕೆಲವೊಮ್ಮೆ ಬೇರೊಂದು ಸತ್ಯವನ್ನು ತೆರೆಯುವದು. ೧೯೨೪ರ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ, ಬಾಲೆ ಗಂಗೂಬಾಯಿ ಹಾಡಿದರು. ಹುಯಿಲಗೋಳ ನಾರಾಯಣರಾಯರ ನಾಡಗೀತವು ಮೊದಲು ಮೊಳಗಿದ ಸಭೆಯೆಂದು ನಾವೆಲ್ಲ ಹೆಮ್ಮೆಪಡುವೆವು. ಗಂಗೂಬಾಯಿಯವರು ಮುಂದೆ ನೆನೆದುಕೊಂಡುದು ಆ ಹೆಮ್ಮೆಯೊಂದನ್ನೇ ಅಲ್ಲ. ಊಟದ ಹೊತ್ತಿಗೆ ತನ್ನ ಜಾತಿಯ ಕಾರಣದಿಂದ ತನ್ನನ್ನು ಬೇರೆ ಮಾಡಿಯಾರೆಂಬ ಅಂಜಿಕೆ ಆ ಮಗುವಿನ ಎದೆಯಲ್ಲಿತ್ತು. ಆ ಸಭೆಯ ಯಾವ ವರದಿಗಾರನಿಗೆ ಇದು ಕಂಡೀತು?

ಕೊನೆಗೆ ನನ್ನ ಮನಸ್ಸನ್ನು ಚುಚ್ಚುವ ಸಂಗತಿಯೊಂದನ್ನು ಹೇಳುವೆನು. ಸವಾಯಿ ಗಂಧರ್ವರು, ಮನಸೂರರು, ಗಂಗೂಬಾಯಿಯವರು, ಭೀಮಸೇನರು, ಬಸವರಾಜ ರಾಜಗುರುಗಳು, ಇವರೆಲ್ಲ ನಮ್ಮ ಮಣ್ಣಿನವರು. ಆದರೆ ಹಿಂದುಸ್ತಾನಿ ಗಾಯನವನ್ನು ಕೇಳಿ, ತೂಗಿ, ಬರೆಯುವ ಪರಿಪಾಠವು ಮರಾಠಿಯಲ್ಲಿ ಎಷ್ಟು ಹುಲುಸಾಗಿ ಬೆಳೆಯಿತು! ಕೇಶವರಾವ್ ಭೋಳೆಯವರ ವಿಮರ್ಶೆಗಳಿವೆ. ಲೆಕ್ಕಪರಿಶೋಧಕರಾಗಿದ್ದ ವಾಮನರಾವ್ ದೇಶಪಾಂಡೆಯವರು ಘರಾಣೆಗಳ ಗಾಯಕಿಯನ್ನು ಕುರಿತು ೧೯೬೧ರಲ್ಲಿ ಗ್ರಂಥವನ್ನೇ ಬರೆದರು. ನೆರೆಯವರ ಮೇಲೆ ಮತ್ಸರವೇಕೆ? ಅವರು ಕೇಳಿದರು, ಬರೆದರು. ನಾವು ಕೇಳಿದೆವು, ತಲೆದೂಗಿದೆವು, ಮನೆಗೆ ಹೋಗಿ ಮಲಗಿದೆವು. ೧೯೫೬ರ ನವೆಂಬರ ೧ರಂದು ನಾಡು ಒಂದಾಯಿತು. ನಮ್ಮ ಕಿವಿಗಳು ಮಾತ್ರ ಇನ್ನೂ ಎರಡು ಪ್ರಾಂತಗಳಲ್ಲಿವೆ. ಬೆಂಗಳೂರಿನ ಕೋಟೆ ಪ್ರೌಢಶಾಲೆಯ ಬಯಲಿನ ರಾಮನವಮಿಯ ಕಛೇರಿಗಳ ಸುದ್ದಿ ನಮ್ಮ ರಸಿಕರಿಗೆ ಬೇಡ. ಕುಂದಗೋಳದ ಉತ್ಸವದ ಸುದ್ದಿ ಅಲ್ಲಿಯವರಿಗೆ ಬೇಡ. ಅಬ್ದುಲ್ ಕರೀಮ ಖಾನರು ಉತ್ತರದ ಕೈರಾನಾದಿಂದ ಬಂದವರು. ಮೈಸೂರಿನ ಆಸ್ಥಾನಕ್ಕೂ ಹೋಗಿಬರುತ್ತ, ತ್ಯಾಗರಾಜರ ಕೃತಿಯನ್ನೂ ಹಾಡಿ ಮುದ್ರಿಸಿದರು. ಅವರಿಗೆ ಸಾಧ್ಯವಾದುದು, ಒಂದೇ ಭಾಷೆಯನ್ನಾಡುವ ನಮಗೆ ಸಾಧ್ಯವಾಗದೆ?

ಆದಕಾರಣ ನನ್ನದೊಂದು ಸೂಚನೆಯಿದೆ. ನಮ್ಮ ವಾಚನಾಲಯದ ಮೇಜಿನ ಮೇಲೆ ಗಟ್ಟಿ ರಟ್ಟಿನ ಒಂದು ವಹಿಯನ್ನು ಇಡೋಣ. ಬೈಠಕಾಗಲಿ ಕಛೇರಿಯಾಗಲಿ, ಕೇಳಿ ಬಂದವರು ಎರಡು ದಿನದೊಳಗೆ ಬರೆಯಬೇಕು: ತಾರೀಖು, ಸ್ಥಳ, ತಾವು ಕುಳಿತ ಜಾಗ, ಹಾಡಿದವರು, ಪಕ್ಕವಾದ್ಯದವರು, ತಮ್ಮ ಕಿವಿಗೆ ಬಿದ್ದುದು. 'ಅದ್ಭುತ', 'ಅಮೋಘ' ಎಂಬ ಎರಡು ಶಬ್ದಗಳಿಗೆ ಆ ವಹಿಯಲ್ಲಿ ನಿಷೇಧವಿರಲಿ. ಒಂದೇ ಗಾಯನವನ್ನು ಕುರಿತು ಇಬ್ಬರು ವಿರುದ್ಧವಾಗಿ ಬರೆದರೆ ಎರಡನ್ನೂ ಉಳಿಸಿಕೊಳ್ಳೋಣ. ಇಲ್ಲಿ ನೆರೆದ ಶಿಕ್ಷಕ ಬಂಧುಗಳು ರಜೆಯ ದಿನಗಳಲ್ಲಿ ನಮ್ಮೂರಿನ ಹಿರಿಯರ ಮನೆಗೆ ಹೋಗಿ, ಅವರು ಹೇಳಿದುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಲಿ. ಚಹಾ ಅಂತೂ ಅಲ್ಲಿ ಸಿಕ್ಕೇ ಸಿಗುವದು. ವಹಿಯ ಖರ್ಚನ್ನು ನಾನು ಕೊಡುವೆನು.